ಮೋರಾದ ಆ ಅಜ್ಜನಿಗೆ ಒಂದು ಥ್ಯಾಂಕ್ಸ್

ಸ್ವೀಡನ್ನಿನ ಮೋರಾದಲ್ಲಿ ಚಾಕು ಮಾಡಲು ಕಲಿಯುವಾಗ ಪಕ್ಕದ ಮೇಜಿನಲ್ಲಿ ಕೂತಿದ್ದ ಅಜ್ಜನಿಗಾಗಿ ಇದು. ಹೆಸರು ಕೇಳಲೇ ಇಲ್ಲ. ಅವರಿಗೆ ಕನ್ನಡ ಬರುವುದಿಲ್ಲ, ಗೊತ್ತು. ಆದರೂ ಬರೆಯದೆ ಇರಲಾಗಲಿಲ್ಲ. ಪಕ್ಕದ ಓಸ್ಟ್‌ನೋರ್ ಹಳ್ಳಿಯಲ್ಲಿ 1891ರಲ್ಲಿ ಮರ ಸಾಗಿಸುವ ಜಾರುಬಂಡಿಗಳಿಗಾಗಿ ಶುರುವಾದ ಕಾರ್ಖಾನೆಯೇ ಮುಂದೆ ಚಾಕುಗಳಿಗೆ ಹೆಸರಾಯಿತು. ಆ ಊರ ಕಡೆಯವರ ಕೈಗಳೇ ಬೇರೆ ಬಿಡಿ.

ಹಿಡಿ ಸುಲಭವಾಗಿಯೇ ಆಯಿತು. ಬರ್ಚ್ ಮರದ ತುಂಡಿಗೆ ತೂತು ಕೊರೆದು, ಅಲಗಿನ ಸಪೂರ ಬಾಲವನ್ನು ಕೂರಿಸಿ, ಅಂಗೈಗೆ ಒಪ್ಪುವ ಹಾಗೆ ಕೆತ್ತಿದೆ. ಎಡವಿದ್ದು ಚರ್ಮದ ಒರೆಯಲ್ಲಿ. ನೆನೆಸಿದ ಚರ್ಮವನ್ನು ಚಾಕುವಿಗೆ ಹಾಗೇ ಸುತ್ತಲು ಹೊರಟಿದ್ದೆ. ಅಜ್ಜ ಕೈ ಹಿಡಿದು ನಿಲ್ಲಿಸಿದರು. "ರೊಸ್ಟ್" ಅಂದರು ಸ್ವೀಡಿಷ್‌ನಲ್ಲಿ, ಅಷ್ಟೇ. ಅಂದರೆ ತುಕ್ಕು. ಕಾರ್ಬನ್ ಸ್ಟೀಲ್ ಅಲ್ವಾ, ಒಂದು ರಾತ್ರಿ ಸಾಕು. ಚಾಕುವಿಗೆ ತೆಳು ಪ್ಲಾಸ್ಟಿಕ್ ಸುತ್ತಿಕೊಟ್ಟರು.

ಆಮೇಲೆ ಹೊಲಿಗೆ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ. ಒಂದು ಹೊಲಿಗೆ ಕಡಿದರೂ ಉಳಿದದ್ದು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ನನ್ನದು ಸೊಟ್ಟಗಾದಾಗೆಲ್ಲ ಅವರು ಸುಮ್ನೆ ಬಿಚ್ಚಿ, ದಾರಕ್ಕೆ ಮತ್ತೆ ಜೇನುಮೇಣ ಸವರಿ, ನನ್ನ ಕೈಗೇ ಕೊಡುತ್ತಿದ್ದರು. ಒಂದು ಸಲವೂ ತಾವೇ ಹೊಲಿದು ಕೊಡಲಿಲ್ಲ. ಆಗ ಸ್ವಲ್ಪ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಹಸಿ ಚರ್ಮವನ್ನು ಹಿಡಿಯ ಸುತ್ತ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಲು ಹೇಳಿಕೊಟ್ಟರು. ಒಣಗಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಯಿತು. ಗುಂಡಿ ಇಲ್ಲ, ಪಟ್ಟಿ ಇಲ್ಲ. ತಲೆಕೆಳಗೆ ಹಿಡಿದರೂ ಚಾಕು ಬೀಳುವುದಿಲ್ಲ.

ಥ್ಯಾಂಕ್ಸ್ ಅಜ್ಜ. ಹಿಂಬದಿಯ ಮೂರನೇ ಹೊಲಿಗೆ ಇನ್ನೂ ಸೊಟ್ಟಗೇ ಇದೆ.