ವಿದೇಶಕ್ಕೆ ಹೊರಟ ಶಿಕ್ಷಕರಿಗೆ: ಹಳೆಯ ಬಂಧನದ ಬಗ್ಗೆ ಇನ್ನು ಮೊದಲೇ ಕೇಳುತ್ತೇವೆ

ಆತ್ಮೀಯ ಶಿಕ್ಷಕ ಮಿತ್ರರೇ,

ಮುಂದಿನ ತಿಂಗಳಿಂದ ನಮ್ಮ ಸಹಕಾರ ಸಂಘದಲ್ಲಿ ವೀಸಾ ಫೈಲ್ ತೆರೆಯುವ ಕ್ರಮ ಬದಲಾಗುತ್ತದೆ. ಹೊರದೇಶದ ಶಾಲೆಗೆ ನಿಮ್ಮ ಅರ್ಜಿ ಕಳಿಸುವ ಮುಂಚೆಯೇ ಒಂದು ಪ್ರಶ್ನೆ ಕೇಳುತ್ತೇವೆ: ಎಂದಾದರೂ, ಯಾವ ದೇಶದಲ್ಲಾದರೂ ನಿಮ್ಮ ಬಂಧನ ಆಗಿತ್ತೇ? ಆಗಿದ್ದರೆ ಪೊಲೀಸ್ ದಾಖಲೆ ಮತ್ತು ಕೋರ್ಟಿನ ಅಂತಿಮ ಆದೇಶ ಕೈಗೆ ಬಂದ ಮೇಲೇ ಮುಂದಿನ ಕೆಲಸ. ಕೆಲವರಿಗೆ ತಡವಾಗುತ್ತದೆ, ಬೇಸರವೂ ಆಗುತ್ತದೆ. ಅದಕ್ಕೆ ಕ್ಷಮೆ ಇರಲಿ. ಆದರೆ ಈ ಕ್ರಮವನ್ನು ಬಿಡುವುದಿಲ್ಲ.

ನಾವು ಮತ್ತೆ ಮತ್ತೆ ಕೇಳಿದ ಮಾತು ಒಂದೇ: "ಕೇಸ್ ವಜಾ ಆಗಿದೆ, ಶಿಕ್ಷೆಯೇ ಆಗಿಲ್ಲ. ಮತ್ತೆ ಯಾಕೆ ಕೆದಕುತ್ತೀರಿ? ನಮ್ಮ ಮೇಲೆ ಅನುಮಾನವೇ?" ಖಂಡಿತ ಇಲ್ಲ. ಬಂಧನ ಬೇರೆ, ಅಪರಾಧ ಸಾಬೀತಾಗುವುದು ಬೇರೆ. ಅದು ನಮಗೂ ಗೊತ್ತು. ಆದರೆ ಅರ್ಜಿಯಲ್ಲಿ ಏನು ಕೇಳಿದ್ದಾರೆ ಎನ್ನುವುದೇ ಇಲ್ಲಿ ಮುಖ್ಯ. ಅಮೆರಿಕದ ವೀಸಾ ಅರ್ಜಿಯಾದ ಡಿಎಸ್-160 ಬಂಧನ ಆಗಿತ್ತೇ ಎಂದು ನೇರವಾಗಿ ಕೇಳುತ್ತದೆ. ಕ್ಷಮಾದಾನ ಸಿಕ್ಕಿದ್ದರೂ ಹೇಳಲೇಬೇಕು. ಅಲ್ಲಿ "ಇಲ್ಲ" ಎಂದು ಬರೆದು, ಆಮೇಲೆ ದಾಖಲೆಯಲ್ಲಿ ಸಿಕ್ಕಿಬಿದ್ದರೆ, ಎಂದೋ ಮುಗಿದ ಕೇಸಿಗಿಂತ ಆ ಸುಳ್ಳೇ ದೊಡ್ಡ ತೊಂದರೆ. ಜಪಾನಿನ ಕಾನೂನು ಬೇರೆ ಥರ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆಯಾದವರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಮಾದಕ ವಸ್ತುವಿನ ಕೇಸಾದರೆ ಸಣ್ಣ ಶಿಕ್ಷೆಯೂ ಅಡ್ಡ ಬರುತ್ತದೆ. ಅಂದರೆ ಒಂದೇ ಹಳೆಯ ಘಟನೆಗೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಅದನ್ನು ಶಾಲೆ ಆಯ್ಕೆ ಮಾಡುವ ಮೊದಲೇ ನೋಡುವುದು ಒಳ್ಳೆಯದು ಅಲ್ವಾ?

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಅಮೆರಿಕದಲ್ಲಿ ಇದ್ದವರ ಬಗ್ಗೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ದಾಖಲೆಯಲ್ಲಿ ಬಂಧನ ಬರೆದಿರುತ್ತದೆ, ಕೇಸ್ ಏನಾಯಿತು ಎನ್ನುವುದು ಕೆಲವೊಮ್ಮೆ ಖಾಲಿ ಇರುತ್ತದೆ. ಸ್ಥಳೀಯ ಕಚೇರಿಗಳು ಕಳಿಸಿದರೆ ಮಾತ್ರ ಅದು ತುಂಬುತ್ತದೆ. ವೀಸಾ ಅಧಿಕಾರಿಗೆ ಕಾಣುವುದು ಅರ್ಧ ಕಥೆ. ಉಳಿದರ್ಧವನ್ನು ಕೋರ್ಟಿನ ಪ್ರಮಾಣಿತ ಪ್ರತಿಯೇ ಹೇಳಬೇಕು. ದಾಖಲೆ ಸರಿಪಡಿಸಿಕೊಳ್ಳುವ ದಾರಿಯೂ ಇದೆ, ಆದರೆ ಅದಕ್ಕೆ ಸಮಯ ಬೇಕು. ಕೊನೇ ವಾರದಲ್ಲಿ ಓಡಾಡಿದರೆ ಆಗುವ ಕೆಲಸವಲ್ಲ ಅದು.

ಈಗ ಖರ್ಚಿನ ಮಾತು. ಈ ಹಣವೆಲ್ಲ ಸಂಘಕ್ಕೆ ಹೋಗುತ್ತದೆ ಎಂದು ಸುಮ್ನೆ ನಮ್ಮನ್ನು ದೂರುವುದು ನಮಗೆ ನೋವು ತಂದಿದೆ. ಎಫ್‌ಬಿಐ ದಾಖಲೆಗೆ 18 ಡಾಲರ್. ಅದರ ಮೇಲೆ, ದಾಖಲೆ ಬೇರೆ ದೇಶದಲ್ಲೂ ನಡೆಯಲು ಅಲ್ಲಿನ ವಿದೇಶಾಂಗ ಇಲಾಖೆ ಕೊಡುವ ದೃಢೀಕರಣ, ಅಂದರೆ ಅಪೊಸ್ಟಿಲ್‌ಗೆ 20 ಡಾಲರ್. ಬೆರಳಚ್ಚು, ಕೊರಿಯರ್, ಅನುವಾದ ಬೇರೆ. ಇದರಲ್ಲಿ ಒಂದು ಪೈಸೆಯೂ ಸಂಘಕ್ಕೆ ಬರುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ವಿದೇಶಿ ಭಾಷೆ ಕಲಿಸುವವರ ಇ-2 ವೀಸಾಗೆ ಈ ದಾಖಲೆ ಆರು ತಿಂಗಳೊಳಗಿನದ್ದೇ ಆಗಿರಬೇಕು. ಶಾಲೆಯವರು ಒಪ್ಪಂದ ತಡಮಾಡಿದರೆ ಅವಧಿ ಮುಗಿಯುತ್ತದೆ, ಎಲ್ಲವನ್ನೂ ಮತ್ತೆ ಮಾಡಿಸಬೇಕು. ಆ ಎರಡನೇ ಬಿಲ್ ನಮ್ಮ ಲೆಕ್ಕಕ್ಕೆ ಬೀಳುವುದು ನ್ಯಾಯವಲ್ಲ. ಇನ್ನೊಂದು ಕಡೆ, ಚೀನಾ 2023ರ ನವೆಂಬರ್ 7ರಿಂದ ಅಪೊಸ್ಟಿಲ್ ಒಪ್ಪಿದಾಗ, ಇನ್ನು ಬೇಡವಾದ ರಾಯಭಾರ ಕಚೇರಿಯ ಮುದ್ರೆಯ ಖರ್ಚನ್ನು ನಿಮ್ಮ ಬಿಲ್‌ನಿಂದ ತಕ್ಷಣ ತೆಗೆದವರೂ ನಾವೇ. ಇನ್ನು ಮುಂದೆ ಸರ್ಕಾರಿ ಶುಲ್ಕಗಳ ರಸೀದಿಯನ್ನು ನಿಮ್ಮ ಕೈಗೇ ಕೊಡುತ್ತೇವೆ, ನಮ್ಮ ಸೇವಾ ಶುಲ್ಕ ಬೇರೆ ಸಾಲಿನಲ್ಲಿ ಇರುತ್ತದೆ.

ವೀಸಾ ಸಿಕ್ಕೇ ಸಿಗುತ್ತದೆ ಎಂದು ನಾವು ಯಾರಿಗೂ ಮಾತು ಕೊಡುವುದಿಲ್ಲ. ನಿರ್ಧಾರ ಅಧಿಕಾರಿಯದ್ದು. ಆದರೆ ನಿಮ್ಮ ಕೋರ್ಟ್ ಕಾಗದವನ್ನು ಸಂಘದಲ್ಲಿ ನಿಮ್ಮ ಫೈಲ್ ನೋಡುವವರು ಒಬ್ಬರೇ ಓದುತ್ತಾರೆ. ನೀವು ಲಿಖಿತ ಒಪ್ಪಿಗೆ ಕೊಡದೆ ಅದು ಶಾಲೆಗೆ ಹೋಗುವುದಿಲ್ಲ. ಹೇಳಲು ಸಂಕೋಚ ಇದ್ದರೆ ನನಗೇ ನೇರವಾಗಿ ಫೋನ್ ಮಾಡಿ. ಕೂತು ಮಾತಾಡೋಣ. ಈಗಾಗಲೇ ಅರ್ಜಿ ಶಾಲೆಗೆ ತಲುಪಿರುವವರಿಗೆ ಹಳೆಯ ಕ್ರಮವೇ ನಡೆಯುತ್ತದೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ