ಲಿಂಫೋಮಾಕ್ಕೆ ಶಸ್ತ್ರಚಿಕಿತ್ಸೆ: ಒಂದು ತಪ್ಪು ನಿರೀಕ್ಷೆ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಎಂದ ಕೂಡಲೇ ‘ಗಡ್ಡೆ ತೆಗೆಸಿಬಿಡಿ’ ಎನ್ನುವ ಬಂಧುಗಳು ಎಲ್ಲರ ಮನೆಯಲ್ಲೂ ಇರುತ್ತಾರೆ. ನಮ್ಮ ಅಕ್ಕನಿಗೆ ನಿಧಾನವಾಗಿ ಬೆಳೆಯುವ ಫಾಲಿಕ್ಯುಲರ್ ಲಿಂಫೋಮಾ ಇದೆಯೆಂದು ತಿಳಿದಾಗ ಹಾಗೆ ಹೇಳಿದವರಲ್ಲಿ ನಾನೇ ಮೊದಲಿಗ. ಸ್ತನ ಅಥವಾ ಕರುಳಿನ ಕ್ಯಾನ್ಸರಿಗೆ ಒಪ್ಪುವ ಆ ಮಾತು ಇಲ್ಲಿ ಸಲ್ಲುವುದಿಲ್ಲ. ಇದು ಬಿಳಿ ರಕ್ತಕಣಗಳ ಒಂದು ಬಗೆಯ ರೋಗವಾದ್ದರಿಂದ, ಪತ್ತೆಯಾಗುವ ಹೊತ್ತಿಗೆ ಹೆಚ್ಚಿನವರಲ್ಲಿ ಕುತ್ತಿಗೆ, ಕಂಕುಳು, ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳಿಗೂ ಎಷ್ಟೋ ವೇಳೆ ಅಸ್ಥಿಮಜ್ಜೆಗೂ ಹರಡಿರುತ್ತದೆ.

ಹಾಗೆಂದು ಶಸ್ತ್ರವೈದ್ಯರಿಗೆ ಇಲ್ಲಿ ಕೆಲಸವೇ ಇಲ್ಲವೆಂದಲ್ಲ. ಊದಿದ ಒಂದು ಗ್ರಂಥಿಯನ್ನು ಇಡಿಯಾಗಿ ತೆಗೆದು ಪರೀಕ್ಷೆಗೆ ಕಳಿಸುವುದೇ ಅವರ ಮುಖ್ಯ ಕೆಲಸ. ಲಿಂಫೋಮಾದ ಬಗೆಯನ್ನು ಗುರುತಿಸಲು ಗ್ರಂಥಿಯ ಒಳರಚನೆ ಕಾಣಬೇಕು. ಸೂಜಿ ಚುಚ್ಚಿ ಹೀರಿದ ಕೆಲವು ಕೋಶಗಳಲ್ಲಿ ಅದು ಕಾಣುವುದಿಲ್ಲ. ಕುತ್ತಿಗೆಯ ಗಂಟೆಂದರೆ ಮೊದಲು ಕ್ಷಯವೇ ನೆನಪಾಗುವ ನಮ್ಮಲ್ಲಿ, ಅಕ್ಕ ಸೂಜಿ ಪರೀಕ್ಷೆಯೊಂದನ್ನೇ ನಂಬಿ ಆರು ತಿಂಗಳು ಕ್ಷಯದ ಮಾತ್ರೆ ನುಂಗಿದಳು. ಮಾತ್ರೆಗೆ ಗಂಟು ಕರಗದಿದ್ದಾಗಲಾದರೂ ಇಡೀ ಗ್ರಂಥಿಯ ಬಯಾಪ್ಸಿಗೆ ಬರೆದುಕೊಡುವುದು ತಾಲ್ಲೂಕು ಮಟ್ಟದಲ್ಲೂ ರೂಢಿಯಾಗಬೇಕೆಂಬುದೇ ಈ ಪತ್ರದ ಉದ್ದೇಶ.

ಕತ್ತರಿಯ ಪಾಲು ಕುಗ್ಗುತ್ತಲೇ ಬಂದಿದೆ. ಜಠರದ ಒಳಪದರದಲ್ಲಿ ಹುಟ್ಟುವ ಮಾಲ್ಟ್ ಎಂಬ ಬಗೆಯ ಲಿಂಫೋಮಾಕ್ಕೆ ಹಿಂದೆ ಜಠರವನ್ನೇ ತೆಗೆಯುತ್ತಿದ್ದರು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾವನ್ನು ಪ್ರತಿಜೈವಿಕಗಳಿಂದ ಕೊಂದರೆ ಗಡ್ಡೆ ತಾನಾಗಿಯೇ ಇಳಿಯಬಲ್ಲದೆಂದು ಸಂಶೋಧಕ ವೊದರ್‌ಸ್ಪೂನ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಗುಲ್ಮದಲ್ಲಿ (ಸ್ಪ್ಲೀನ್) ಹುಟ್ಟುವ ಲಿಂಫೋಮಾಕ್ಕೂ ಈಗ ಬಹುಪಾಲು ರಿಟುಕ್ಸಿಮ್ಯಾಬ್ ಚುಚ್ಚುಮದ್ದೇ ಮೊದಲ ಆಯ್ಕೆ. ಗುಲ್ಮ ತೆಗೆಯಲೇಬೇಕಾದವರು ನ್ಯುಮೋಕಾಕಸ್‌ನಂಥ ಸೋಂಕುಗಳ ವಿರುದ್ಧ ಲಸಿಕೆ ಹಾಕಿಸಿಕೊಳ್ಳಬೇಕು.

‘ಕಸಿ’ ಎಂಬ ಪದ ಮತ್ತೊಂದು ಗೊಂದಲ. ಮೂತ್ರಪಿಂಡದ ಕಸಿಯನ್ನು ಕೇಳಿ ಬಲ್ಲವರು ಅಸ್ಥಿಮಜ್ಜೆ ಕಸಿಯನ್ನೂ ದೊಡ್ಡ ಆಪರೇಷನ್ ಎಂದೇ ತಿಳಿಯುತ್ತಾರೆ. ರಕ್ತಕಣಗಳನ್ನು ಹುಟ್ಟಿಸುವ, ರೋಗಿಯದೇ ಆಕರಕೋಶಗಳನ್ನು (ಸ್ಟೆಮ್ ಸೆಲ್) ರಕ್ತದಿಂದ ಸಂಗ್ರಹಿಸಿಟ್ಟು, ಭಾರೀ ಪ್ರಮಾಣದ ಕಿಮೊಥೆರಪಿ ಕೊಟ್ಟು, ಬಳಿಕ ಆ ಕೋಶಗಳನ್ನು ರಕ್ತ ಏರಿಸಿದಂತೆಯೇ ರಕ್ತನಾಳದ ಮೂಲಕ ಮರಳಿಸುವುದು ಇದರ ಒಂದು ಬಗೆ. ನಿಧಾನಗತಿಯ ಲಿಂಫೋಮಾದಲ್ಲಿ ಇದು ಮೊದಲ ಹೆಜ್ಜೆಯಲ್ಲ. ಕಿಮೊಥೆರಪಿಯಾಗಿ ಎರಡು ವರ್ಷದೊಳಗೇ ರೋಗ ಮರುಕಳಿಸಿದವರಂಥ ಕೆಲವರಿಗೆ ಮಾತ್ರ ವೈದ್ಯರು ಇದನ್ನು ಪರಿಗಣಿಸುತ್ತಾರೆ. ಬೇರೆಯವರ ಆಕರಕೋಶಗಳ ಕಸಿಯಿಂದ ಕೆಲವರಲ್ಲಿ ರೋಗ ಪೂರ್ತಿ ನಿರ್ಮೂಲವಾಗುವುದು ನಿಜವಾದರೂ, ದಾನಿಯ ಕೋಶಗಳು ರೋಗಿಯ ಚರ್ಮ, ಯಕೃತ್ತು, ಕರುಳುಗಳ ಮೇಲೆಯೇ ಎರಗುವ ಅಪಾಯ ಸಣ್ಣದಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧನೆಯಿಂದ ಬಂದ ಕಾರ್-ಟಿ ಚಿಕಿತ್ಸೆಗೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ವಿಧಾನ) 2023ರಲ್ಲಿ ಅನುಮತಿ ದೊರೆತಿರುವುದರಿಂದ, ಔಷಧಕ್ಕೆ ಬಗ್ಗದ ಲಿಂಫೋಮಾಕ್ಕೆ ನಮ್ಮ ದೇಶದಲ್ಲೇ ಇನ್ನೊಂದು ದಾರಿಯೂ ತೆರೆದಿದೆ.

ಅಕ್ಕನಿಗೆ ಸದ್ಯ ಇವು ಯಾವುವೂ ಬೇಕಾಗಿಲ್ಲ. ತೊಂದರೆ ಕಾಣುವವರೆಗೆ ಔಷಧವಿಲ್ಲದೆ ತಪಾಸಣೆಯಷ್ಟೇ ಸಾಕೆಂದು ವೈದ್ಯರು ಹೇಳಿ ಮೂರು ವರ್ಷವಾಯಿತು. ಆಪರೇಷನ್ ಯಾವಾಗ ಎಂದು ಕೇಳುವ ನೆಂಟರಿಗೆ ಅವಳು ಕುತ್ತಿಗೆಯ ಮೇಲಿನ ಬಯಾಪ್ಸಿಯ ಗುರುತನ್ನು ತೋರಿಸುತ್ತಾಳೆ.

– ಒಬ್ಬ ಓದುಗ, ಶಿವಮೊಗ್ಗ