ಎಂ.ಎ.ಗೆ ಸೇರುವ ಮುನ್ನ ಲೆಕ್ಕ ಹಾಕಿ

ಮಾನ್ಯರೇ,

ಪದವಿ ಮುಗಿಯುತ್ತಿದ್ದಂತೆ ಮಡಿಕೇರಿ, ವಿರಾಜಪೇಟೆ ಕಡೆಯ ಮಕ್ಕಳು ‘ಸುಮ್ಮನೆ ಇರುವುದಕ್ಕಿಂತ’ ಎಂದು ಸ್ನಾತಕೋತ್ತರಕ್ಕೆ ಸೇರುತ್ತಾರೆ. ದಯವಿಟ್ಟು ಮೊದಲು ಬೇಕಾದ ಹುದ್ದೆಯ ನೇಮಕಾತಿ ಅಧಿಸೂಚನೆ ತೆಗೆದು ‘ವಿದ್ಯಾರ್ಹತೆ’ ಕಾಲಂ ಓದಿ. ಪ್ರಥಮ ದರ್ಜೆ ಸಹಾಯಕರಾಗಲು ಪದವಿ ಸಾಕು. ಪಿಯು ಉಪನ್ಯಾಸಕರಾಗಲು ಎಂ.ಎ. ಒಂದೇ ಸಾಲದು, ಶೇ 55 ಅಂಕದ ಜೊತೆ ಬಿ.ಇಡಿ. ಬೇಕು. ಶೇ 54 ಬಂದು ಅರ್ಜಿಯೇ ಹಾಕಲಾಗದವರ ಸಂಕಟ ದೊಡ್ಡದು.

ಖರ್ಚೆಂದರೆ ಶುಲ್ಕ, ಹಾಸ್ಟೆಲ್ ಮಾತ್ರವಲ್ಲ. ತಿಂಗಳಿಗೆ 15,000 ರೂ. ಸಿಗುವ ಕೆಲಸ ಬಿಟ್ಟರೆ ಎರಡು ವರ್ಷಕ್ಕೆ 3.60 ಲಕ್ಷ ಹೋಯಿತು. ಶಿಕ್ಷಣ ಸಾಲದ ಕಂತು ಓದು ಮುಗಿದ ಮೇಲೆ ಶುರುವಾದರೂ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. 4 ಲಕ್ಷಕ್ಕೆ ಶೇ 10ರಂತೆ ಎರಡು ವರ್ಷಕ್ಕೆ 80,000 ರೂ.! ಕಾಫಿ ಬೆಲೆ ಚೆನ್ನಾಗಿದ್ದ ವರ್ಷ ನೋಡಿ ಸಾಲ ಮಾಡಬೇಡಿ.

ಬೇರೆ ದಾರಿಗಳೂ ಇವೆ. ಐಟಿಐ ಮುಗಿಸಿದವರು ನೇರ ಎರಡನೇ ವರ್ಷದ ಡಿಪ್ಲೊಮಾಕ್ಕೆ, ಅಲ್ಲಿಂದ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಹೋಗಬಹುದು. ನಡುವೆ ದುಡಿಯಲೂಬಹುದು. ನಮ್ಮ ಕೊಡಗಿನ ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜಿದೆ. ಇವನ್ನೆಲ್ಲ ಪಿಯುಸಿಗೆ ಸೇರುವ ಮೊದಲೇ ಮಕ್ಕಳಿಗೆ ಹೇಳುವವರು ಬೇಕು. ಪ್ರೌಢಶಾಲೆಗಳು ಹತ್ತನೇ ತರಗತಿಯ ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಮೀಸಲಿಡಲಿ.

– ಕೆಲವು ಉಪನ್ಯಾಸಕರು, ಮಡಿಕೇರಿ